ಹಿಂಡಿನ ಹಿಂದೆ ಅರ್ಧ ದಿನ

೧೯೭೬ರ ಶಿವರಾತ್ರಿಗೆ ಇನ್ನೆರಡು ದಿನ ಇತ್ತು. ತಂಗಡಗಿಯ ಖಂಡೆಪ್ಪ ಸಾವಕಾರರ ಹೊಲದಲ್ಲಿ ಜೋಳ ಕೊಯ್ದು ಕಣಕ್ಕೆ ಸಾಗಿಸಿಯಾಗಿತ್ತು. ಬರಿದಾದ ಆ ಎರೆಹೊಲದಲ್ಲಿ ಗೊಬ್ಬರಕ್ಕೆಂದು ಮೂರು ರಾತ್ರಿ ಕುರಿ ನಿಲ್ಲಿಸಿದ್ದ ರೇವಣಪ್ಪ ಮತ್ತು ಅವನ ತಮ್ಮ ಧೂಳಪ್ಪ, ನಾಲ್ಕನೆಯ ಬೆಳಿಗ್ಗೆ ಹಿಂಡು ಎಬ್ಬಿಸಿಕೊಂಡು ಕೃಷ್ಣೆ ದಾಟಬೇಕಿತ್ತು. ಹೊಳೆಯಾಚೆ ಹುನಗುಂದದ ಕಡೆಯ ರೈತರಿಗೆ ಮಾತು ಕೊಟ್ಟಾಗಿತ್ತು. ಆದರೆ ಆ ಬೆಳಿಗ್ಗೆ ರೇವಣಪ್ಪನಿಗೆ ಏಳಲಾಗಲಿಲ್ಲ.

ಹಿಂದಿನ ಸಂಜೆಯೇ ಅವನಿಗೆ ಸುಳಿವು ಸಿಕ್ಕಿತ್ತು. ಎಡತೊಡೆಯ ಸಂದಿಯಲ್ಲಿ ಗಡ್ಡೆ ಎದ್ದು ಮುಟ್ಟಿದರೆ ಜೀವ ಹೋಗುತ್ತಿತ್ತು. ಕತ್ತಲಾಗುವ ಹೊತ್ತಿಗೆ ಹಲ್ಲು ಕಟಕಟಿಸುವ ಚಳಿ. ಎರಡು ಕಂಬಳಿ ಹೊದ್ದರೂ ನಿಲ್ಲದ ನಡುಕ. ಬೆಳಗಾದಾಗ ಮೊಣಕಾಲಿನಿಂದ ಕೆಳಗೆ ಕಾಲು ಕೆಂಪಗೆ ಬಿಗಿದುಕೊಂಡು, ಕೆಂಡದ ಹತ್ತಿರ ಕೈ ಹಿಡಿದಷ್ಟು ಕಾವು ಹೊಡೆಯುತ್ತಿತ್ತು.

ಇದು ಅವನಿಗೆ ಹೊಸದಲ್ಲ. ಹನ್ನೊಂದು ವರ್ಷದಿಂದ ವರ್ಷಕ್ಕೆ ನಾಲ್ಕೈದು ಸಲ ಈ ಜ್ವರ ಬಂದು ಹೋಗುತ್ತಿತ್ತು. ಪ್ರತಿ ಸಲವೂ ಬಾವು ಇಳಿಯುತ್ತಿತ್ತು, ಆದರೆ ಪೂರ್ತಿ ಇಳಿಯುತ್ತಿರಲಿಲ್ಲ. ಮೊದಲು ಹರಡು, ಪಾದದ ಮೇಲಿನ ಗಂಟು, ಮುಚ್ಚಿಹೋಯಿತು, ಆಮೇಲೆ ಮೀನಖಂಡ, ಈಗ ಮೊಣಕಾಲಿನಿಂದ ಪಾದದವರೆಗೆ ಕಾಲು ಒಂದೇ ದಪ್ಪ. ಊರವರು ಅದಕ್ಕೆ ಆನೆಕಾಲು ಅನ್ನುತ್ತಿದ್ದರು. ಅವನ ಎದುರಿಗೆ ಅನ್ನುತ್ತಿರಲಿಲ್ಲ, ಆದರೆ ಕೇಳಿಸುವಷ್ಟು ಹತ್ತಿರದಲ್ಲೇ ಅನ್ನುತ್ತಿದ್ದರು. ಹೂವಿನ ಹಿಪ್ಪರಗಿಯ ಕುರುಬರ ಓಣಿಯಲ್ಲಿ ಅವನಷ್ಟು ದೂರ ನಡೆಯುವವನು ಇನ್ನೊಬ್ಬನಿಲ್ಲ ಎಂಬ ಹೆಸರಿತ್ತು ಒಂದು ಕಾಲಕ್ಕೆ. ಈಗ ನಲವತ್ತೆಂಟರಲ್ಲಿ ಧೋತರವನ್ನು ಪಾದ ಮುಚ್ಚುವಂತೆ ಇಳಿಬಿಟ್ಟು, ಹಿಂಡಿನ ಕೊನೆಯ ಕುರಿಯ ಜೊತೆ ಹೆಜ್ಜೆ ಹಾಕುತ್ತಿದ್ದ.

ಧೂಳಪ್ಪ ಬಂದು ಅವನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತ.

"ಅಣ್ಣಾ, ಇವತ್ತೊಂದ ದಿನ ತಡೀತೇನಿ. ನಾಳಿಗಿ ಎದ್ದಿ ಅಂದ್ರ ಕೂಡೇ ಹೋಗೂಣು."

"ಇಲ್ಲಿ ಒಂದ ಕಡ್ಡಿ ಮೇವ ಉಳದಿಲ್ಲ. ನನ್ನ ಸಲುವಾಗಿ ಇಷ್ಟೂ ಕುರಿ ಉಪಾಸ ಕೆಡವತಿಯೇನ? ಹೊಡಿ ಮುಂದ."

"ನಿನ್ನ ಒಬ್ಬನ್ನ ಬಿಟ್ಟು ಹ್ಯಾಂಗ ಹೋಗ್ಲಿ?"

"ಸತ್ತೇನಿಲ್ಲಲಾ. ಹೊಡಿ ಅಂದೇನಿ."

ಧೂಳಪ್ಪ ಖಂಡೆಪ್ಪ ಸಾವಕಾರರನ್ನು ಕಂಡು ಮಾತಾಡಿ ಬಂದ. ಸಾವಕಾರರು ಒಳ್ಳೆಯವರು. ಕಣದಲ್ಲಿ ರಾಶಿ ಇದೆ, ಆಮೇಲೆ ಕಡಲೆ ಬರುತ್ತದೆ, ಕಾಯುವವನೊಬ್ಬ ಬೇಕೇ ಆಗಿದ್ದ, ಆರಾಮಾಗುವ ತನಕ ಹೊಲದ ಗುಡಿಸಲಲ್ಲೇ ಇರಲಿ ಎಂದಿದ್ದರು. ಧೂಳಪ್ಪ ಅಣ್ಣನನ್ನು ಹೆಗಲ ಮೇಲೆ ಕೈ ಹಾಕಿಸಿಕೊಂಡು ಗುಡಿಸಲಿಗೆ ಒಯ್ದು ಮಲಗಿಸಿದ, ನೀರಿನ ಗಡಿಗೆ ಪಕ್ಕಕ್ಕಿಟ್ಟ, ಇನ್ನೇನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತ, ಆಮೇಲೆ ಹೋದ.

ಹಿಂಡು ಏಳುವ ಸದ್ದನ್ನು ರೇವಣಪ್ಪ ಮಲಗಿಯೇ ಕೇಳಿದ. ಮುಂದಾಳು ಟಗರಿನ ಗಂಟೆ, ಮರಿಗಳ ಒದರಾಟ, ಧೂಳಪ್ಪನ ಬಾಯಿಂದ "ತ್ರೂ ತ್ರೂ" ಎಂಬ ಕೂಗು. ನಾಯಿ ಗುಡಿಸಲ ಬಾಗಿಲ ತನಕ ಬಂದು, ಅವನನ್ನು ನೋಡಿ, ಹಿಂಡಿನ ಕಡೆ ನೋಡಿ, ಹಿಂಡಿನ ಹಿಂದೆ ಓಡಿತು. ಅದು ಸರಿಯಾದ ನಾಯಿ, ಅವನೇ ಸಾಕಿ ಕಲಿಸಿದ್ದು. ಗಂಟೆಯ ಸದ್ದು ಹೊಳೆಯ ಇಳಿಜಾರಿನಲ್ಲಿ ತೆಳ್ಳಗಾಗಿ ಇಲ್ಲವಾಯಿತು. ಅವನು ಹುಡುಗನಾಗಿದ್ದಾಗಿನಿಂದ ಈವರೆಗೆ ಹಾದಿಯ ಮೇಲೆ ಕುರಿಗಳ ಉಸಿರು ಕೇಳದೆ ಒಂದು ರಾತ್ರಿಯೂ ಮಲಗಿದ್ದಿಲ್ಲ.

ಮಧ್ಯಾಹ್ನ ಸಾವಕಾರರ ಹೆಂಡತಿ ಚನ್ನವ್ವ ಬುತ್ತಿ ತಂದಳು. ನಲವತ್ತರ ಆಸುಪಾಸಿನ, ಎತ್ತರದ ಹೆಂಗಸು. ಒಡ್ಡಿನ ಮೇಲಿನ ಒಂದು ಕಲ್ಲಿನ ಮೇಲೆ ರೊಟ್ಟಿಯ ಗಂಟು ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು, "ರೊಟ್ಟಿ ಇಟ್ಟೇನಿ" ಎಂದು ಕೂಗಿ ಹೋಗಿಬಿಟ್ಟಳು. ರೇವಣಪ್ಪ ತೆವಳಿಕೊಂಡು ಹೋಗಿ ತಂದ. ಅವನಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು, ಆಶ್ಚರ್ಯವಂತೂ ಆಗಲಿಲ್ಲ. ತನ್ನ ಮಗಳು ಚಂದವ್ವನನ್ನು ಇಂಡಿ ತಾಲೂಕಿನ ಹಲಸಂಗಿಗೆ ಕೊಟ್ಟಿದ್ದ. ಹೆಂಡತಿ ತೀರಿಕೊಂಡ ಮೇಲೆ ಮೊಮ್ಮಗುವನ್ನು ನೋಡಲು ಒಬ್ಬನೇ ಹೋದಾಗ ಬೀಗರು ಅವನಿಗೆ ಹಾಸಿಗೆಯನ್ನು ದನದ ಕೊಟ್ಟಿಗೆಯಲ್ಲಿ ಹಾಸಿದ್ದರು. ತಂಬಿಗೆಯನ್ನು ಬೇರೆ ಇಟ್ಟಿದ್ದರು. ಚಂದವ್ವ ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದಳು, ಏನೂ ಆಡಿರಲಿಲ್ಲ. ಅಲ್ಲಿಂದೀಚೆಗೆ ಅವನು ಆ ಊರಿಗೆ ಹೋಗಿರಲಿಲ್ಲ. ಮಗಳಿಗೆ ತನ್ನಿಂದ ತ್ರಾಸಾಗಬಾರದು ಎಂದು ಅವನಿಗೆ ಅವನೇ ಹೇಳಿಕೊಂಡಿದ್ದ.

ಜ್ವರ ಮೂರು ದಿನವಾದರೂ ಇಳಿಯಲಿಲ್ಲ. ನಾಲ್ಕನೆಯ ದಿನ ಖಂಡೆಪ್ಪ ಮುದ್ದೇಬಿಹಾಳಕ್ಕೆ ಗಾಡಿ ಹೂಡಿದವರು ಗುಡಿಸಲಿನ ಮುಂದೆ ನಿಲ್ಲಿಸಿ, "ಏರು, ದವಾಖಾನಿಗಿ ತೋರಿಸ್ಕೊಂಡ ಬರೂಣು" ಎಂದರು. ರೇವಣಪ್ಪ ಗಾಡಿಯ ಹಿಂದೆ ಹುಲ್ಲಿನ ಮೇಲೆ ಕಾಲು ಚಾಚಿ ಹೋದ.

ದವಾಖಾನೆಯಲ್ಲಿ ಡಾಕ್ಟರರು ದೂರದಿಂದಲೇ ನೋಡಿ, ಚೀಟಿ ಬರೆದು, ಮುಂದಿನವನನ್ನು ಕರೆದರು. ಚೀಟಿ ಹಿಡಿದು ಒಳಗಿನ ಕೋಣೆಗೆ ಹೋದರೆ ಅಲ್ಲಿ ಅಬಿದಾ ಎಂಬ ನರ್ಸಬಾಯಿ ಇದ್ದರು. ಐವತ್ತರ ಮೇಲಿನವರು, ಬಿಳಿ ಸೀರೆ, ಕನ್ನಡಕ, ಏರಿದ ದನಿ. ಸ್ಟೂಲೊಂದನ್ನು ಎಳೆದುಕೊಂಡು ಕುಳಿತು, ಅವನ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮ ಮೊಣಕಾಲ ಮೇಲಿಟ್ಟುಕೊಂಡರು. ರೇವಣಪ್ಪ ಬೆದರಿ ಕಾಲು ಹಿಂದಕ್ಕೆಳೆದ.

"ಯಾಕ, ನೋವಾತೇನ?"

"ಇಲ್ರೀ ಬಾಯಾರ. ಹೊಲಸೈತ್ರಿ."

"ಹೊಲಸಿದ್ರ ತೊಳೀತೇನಿ. ಕೊಡಿಲ್ಲೆ."

ಹನ್ನೊಂದು ವರ್ಷದಲ್ಲಿ, ಬರೆ ಹಾಕಿದವನ ಕಬ್ಬಿಣವೊಂದನ್ನು ಬಿಟ್ಟರೆ ಆ ಕಾಲನ್ನು ಯಾರೂ ಮುಟ್ಟಿರಲಿಲ್ಲ. ನರ್ಸಬಾಯಿಯ ಬೆರಳು ಬರೆಯ ಕಲೆಗಳ ಮೇಲೆ ನಿಂತಿತು.

"ಇದನ್ನ ಯಾರ ಮಾಡಿದ್ರು?"

"ಸಿಂದಗಿ ಕಡೆ ಒಬ್ಬಾಂವ್ರಿ. ಬಾವು ಇಳೀತೈತಂತ ಹೇಳಿದ್ದ."

"ಇಳೀತೇನ?"

"ಇಲ್ರಿ. ಮ್ಯಾಲ ಒಂದ ತಿಂಗಳ ಹುಣ್ಣಾತು."

ಅವರು ಏನೋ ಗೊಣಗಿಕೊಂಡು ಕಾಲು ತೊಳೆಯತೊಡಗಿದರು. ರೇವಣಪ್ಪ ಗೋಡೆಯ ಕಡೆ ಮುಖ ಮಾಡಿದ. ಕಣ್ಣಲ್ಲಿ ನೀರು ಬರುತ್ತಿತ್ತು, ಅದು ನೋವಿಗಲ್ಲ ಎಂಬುದು ಅವರಿಗೆ ಗೊತ್ತಾಗಬಾರದು ಎನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದ:

"ಈ ಗುಳಗಿ ತಗೊಂಡ್ರ ಕಾಲ ಮೊದಲಿನಂಗ ಆಗತೈತೇನ್ರಿ?"

"ಇಲ್ಲ." ಅವರು ತಲೆ ಎತ್ತದೆಯೇ ಹೇಳಿದರು. "ಸುಳ್ಳ ಹೇಳಿ ಕಳಿಸಿದ್ರ ಮುಂದಿನ ತಿಂಗಳ ನೀನ ಬಂದ ನನ್ನ ಬೈತಿ. ಗುಳಗಿ ಇರೂದು ರಕ್ತದಾಗಿನ ಹುಳಕ್ಕ. ಗಟಾರದ ಸೊಳ್ಳಿ ಕಡದು ಒಳಗ ಬಿಟ್ಟ ಹುಳಾ ಅದು. ಈ ಬಾವು ಪೂರಾ ಹೋಗಂಗಿಲ್ಲ. ಆದ್ರ ಜರ ಬರ್ತಾವಲಾ, ಒಂದೊಂದ ಜರಕ್ಕ ಕಾಲ ಇಷ್ಟಿಷ್ಟ ದಪ್ಪ ಆಗತೈತಿ. ಜರ ತಡದಿ ಅಂದ್ರ ಕಾಲ ಅಲ್ಲೇ ನಿಂದರ್ತೈತಿ. ಸ್ವಲ್ಪ ಇಳದ್ರೂ ಇಳೀತು. ನೀ ಏನ ಕೆಲಸಾ ಮಾಡ್ತಿ?"

"ಕುರಿ ಕಾಯ್ತೇನ್ರಿ."

"ಮಳಿಗಾಲದಾಗ ಕುರಿಗೆ ಗೊರಸ ಕೊಳೀತಾವಿಲ್ಲ? ಅವಾಗೇನ ಮಾಡ್ತಿ?"

ಕುರಿಯ ಮಾತು ಬಂದದ್ದೇ ರೇವಣಪ್ಪನ ನಾಲಿಗೆ ಸಡಿಲಾಯಿತು. "ಕೆಸರಿನಾಗಿಂದ ಎತ್ತಿ ಒಣಾ ನೆಲದ ಮ್ಯಾಲ ನಿಂದ್ರಸ್ತೇನ್ರಿ. ಗೊರಸಿನ ಸಂದ್ಯಾಗಿನ ಹೊಲಸ ತಗದು, ಉಪ್ಪನೀರಿಲೆ ತೊಳದು, ಅರಬೀಲೆ ಒರಸಿ, ಬೇವಿನೆಣ್ಣಿ ಹಚ್ಚತೇನಿ. ಆರಾಮ ಆಗೂತನಕ ದಿನಾ ಎತ್ತಿ ನೋಡ್ತೇನಿ. ಬಿಟ್ರ ಕುರಿ ಕುಂಟಿ ಹಿಂದ ಬೀಳತೈತ್ರಿ."

ಅಬಿದಾಬಾಯಿ ಅವನ ಕಾಲ್ಬೆರಳುಗಳನ್ನು ಬಿಡಿಸಿ ತೋರಿಸಿದರು. ಸಂದಿಗಳಲ್ಲಿ ಚರ್ಮ ಬೆಳ್ಳಗಾಗಿ, ನೆನೆದು, ಬಿರುಕು ಬಿಟ್ಟಿತ್ತು.

"ಮತ್ತ ಇದೇನು? ಇಲ್ಲಿಂದನ ಜರ ಒಳಗ ಹೋಗತೈತಿ. ಕುರಿಗಿ ಮಾಡೂದನ್ನ ನಿನಗ ಯಾಕ ಮಾಡ್ಕೊಂಡಿಲ್ಲ?"

ರೇವಣಪ್ಪ ಬಗ್ಗಿ ಬೆರಳ ಸಂದಿ ನೋಡಿದ. ಈವರೆಗೆ ಆ ಕಾಲನ್ನು ಅವನು ನೋಡುತ್ತಲೇ ಇರಲಿಲ್ಲ. ನೋಡದಿರುವುದನ್ನೇ ಇಷ್ಟು ವರ್ಷ ಅಭ್ಯಾಸ ಮಾಡಿಕೊಂಡಿದ್ದ.

ಅವರು ಒಂದೊಂದಾಗಿ ಹೇಳಿದರು, ಹೇಳಿದ್ದನ್ನು ಅವನ ಬಾಯಲ್ಲಿ ಹೇಳಿಸಿದರು. ಮುಂಜಾನೆ ಸಂಜೆ ಸಬಕಾರ ಹಚ್ಚಿ ತೊಳೆಯಬೇಕು, ಬೆರಳ ಸಂದಿಯನ್ನು ಒಣಗುವ ತನಕ ಒರೆಸಿ ಮುಲಾಮು ಹಚ್ಚಬೇಕು. ಕುಳಿತಾಗ ಕಾಲು ಜೋತುಬಿಡಬಾರದು. ಮಲಗಿದಾಗ ಕಾಲು ಎದೆಗಿಂತ ಎತ್ತರಕ್ಕಿರಬೇಕು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಜ್ವರ ಇಳಿದ ಮೇಲೆ ದಿನಾ ಏಳುವ ಮೊದಲೇ ಪಟ್ಟಿ ಕಟ್ಟಬೇಕು, ಮಲಗುವಾಗ ಬಿಚ್ಚಬೇಕು. ಪಟ್ಟಿ ಕಟ್ಟುವುದನ್ನು ಅವನ ಬಲಗಾಲಿನ ಮೇಲೆ ಮೂರು ಸಲ ಮಾಡಿ ತೋರಿಸಿದರು. ಬೆರಳ ಬುಡದಿಂದ ಶುರು, ಹಿಮ್ಮಡಿ ಸುತ್ತಿ, ಹರಡು ಸುತ್ತಿ, ಮೊಣಕಾಲ ಕೆಳಗಿನ ತನಕ. ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ. ಬೆರಳು ನೀಲಿಯಾದರೆ ಬಿಚ್ಚಿ ಮತ್ತೆ ಕಟ್ಟಬೇಕು.

"ಜರ ಬಂದಾಗ ಮಾತ್ರ ಕಟ್ಟಬ್ಯಾಡ, ನಡೀಬ್ಯಾಡ. ತಣ್ಣೀರ ಅರಬಿ ಹಾಕ್ಕೊಂಡು ಕಾಲ ಎತ್ತಿಟ್ಟು ಬಿದ್ಕೊ. ಮನ್ಯಾಗ ನಿನ್ನ ಕೂಡ ಯಾರ ಅದಾರ?"

"ಯಾರೂ ಇಲ್ರಿ."

"ಹಂಗಾರ ನೀನ ಮಾಡ್ಕೊಬೇಕು," ಎಂದರು ಅಬಿದಾಬಾಯಿ. ಅಯ್ಯೋ ಪಾಪ ಎನ್ನಲಿಲ್ಲ. ಪಟ್ಟಿಯ ಸುರುಳಿ ಒಂದನ್ನು, ಗುಳಿಗೆಯ ಪೊಟ್ಟಣವನ್ನು ಅವನ ಕೈಗಿಟ್ಟು ಎದ್ದರು.

ಜ್ವರ ಬಿಟ್ಟ ಮೇಲೆ ಗುಡಿಸಲಿನಲ್ಲಿ ರೇವಣಪ್ಪನ ದಿನಗಳು ಶುರುವಾದವು. ಮೊದಲ ದಿನ ಕಟ್ಟಿದ ಪಟ್ಟಿ ಮೇಲೆ ಬಿಗಿಯಾಗಿ ಪಾದ ಉಬ್ಬಿಕೊಂಡಿತು. ಎರಡನೆಯ ದಿನದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜಾರಿ ಹರಡಿನ ಸುತ್ತ ಸಿಂಬೆಯಾಯಿತು. ಬಿಚ್ಚುವುದು, ಸುತ್ತುವುದು, ಮತ್ತೆ ಬಿಚ್ಚುವುದು, ಅದರಲ್ಲೇ ಮುಂಜಾನೆ ಕಳೆಯುತ್ತಿತ್ತು. ಹತ್ತನೆಯ ದಿನಕ್ಕೆ ಕೈಗೆ ಹದ ಸಿಕ್ಕಿತು. ಕಂಬಳಿ ಸುತ್ತಿ ಕಾಲಡಿಗೆ ಇಟ್ಟುಕೊಂಡು ಮಲಗುವುದೂ ರೂಢಿಯಾಯಿತು.

ರೂಢಿಯಾಗದೆ ಉಳಿದದ್ದು ಸುಮ್ಮನಿರುವುದು. ಕುರಿ ಇದ್ದಾಗ ಮಾತಾಡುತ್ತಿದ್ದೆನೆಂದು ಅವನಿಗೆ ಗೊತ್ತೇ ಇರಲಿಲ್ಲ. ಬೈಯುವುದು, ಕರೆಯುವುದು, ಹಾದಿ ತಪ್ಪಿದ ಮರಿಗೆ ಬುದ್ಧಿ ಹೇಳುವುದು, ಇಡೀ ದಿನ ಅವನ ಬಾಯಿ ಆಡುತ್ತಲೇ ಇತ್ತು. ಈಗ ಒಂದು ಸಂಜೆ ಕಣದ ಕಡೆ ಬಂದ ಆಕಳನ್ನು ಓಡಿಸಲು ಕೂಗಿದರೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಎರಡು ಸಲ ಕೆಮ್ಮಿ ಕೂಗಬೇಕಾಯಿತು. ರಾಶಿ ಮುಗಿದು ಆಳುಗಳು ಹೊಲಕ್ಕೆ ಬರುವುದು ನಿಂತಿತ್ತು. ಅವನು ಕುಳಿತಲ್ಲೇ ಹಿಂಡು ಎಲ್ಲಿರಬಹುದೆಂದು ಲೆಕ್ಕ ಹಾಕುತ್ತಿದ್ದ. ಇವತ್ತು ಹಳ್ಳದ ದಂಡೆಯ ಹೊಲ. ನಾಳೆ ಜಾಲಿ ಮರಗಳ ಬಯಲು. ಆ ಕಪ್ಪು ಕುರಿ ಇಷ್ಟೊತ್ತಿಗೆ ಈದಿರಬೇಕು. ಒಂದೇ ಮರಿಯೋ ಎರಡೋ? ಯಾರನ್ನು ಕೇಳುವುದು?

ಹೊತ್ತು ಹೋಗಲೆಂದು ಉಣ್ಣೆ ನೂಲುತ್ತಿದ್ದ. ಒಂದು ದಿನ ನೂಲಿನ ಎಳೆಯೊಂದನ್ನು ಮೀನಖಂಡದ ಸುತ್ತ ಹಿಡಿದು, ಸರಿಯಾಗಿ ಮುಟ್ಟಿದಲ್ಲಿ ಗಂಟು ಹಾಕಿ ಗುಡಿಸಲಿನ ಕಂಬಕ್ಕೆ ಕಟ್ಟಿದ. ತಿಂಗಳಾದ ಮೇಲೆ ಅದೇ ಎಳೆಯನ್ನು ಅದೇ ಜಾಗದಲ್ಲಿ ಹಿಡಿದರೆ ಎರಡು ಬೆರಳು ಸಡಿಲವಾಗಿತ್ತು. ನಂಬದೆ ಮತ್ತೆ ಹಿಡಿದ. ಎರಡು ಬೆರಳು. ಹರಡಿನ ಎಲುಬು ಮಸುಕಾಗಿ, ನೀರೊಳಗಿನ ಕಲ್ಲಿನ ಹಾಗೆ, ಎಲ್ಲೋ ಒಳಗೆ ಕೈಗೆ ಸಿಗುತ್ತಿತ್ತು.

ಅವನು ಎದ್ದು ಹೊರಗೆ ಬಂದ. ಬಿಸಿಲು. ಕೊಯ್ದ ಹೊಲದಲ್ಲಿ ಜೋಳದ ಕೂಳೆ. ಹೊಳೆಯ ತನಕ ಒಂದು ನರಪಿಳ್ಳೆ ಇಲ್ಲ. ಇದನ್ನು ಯಾರಿಗಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಚನ್ನವ್ವ ಒಡ್ಡಿನ ಮೇಲೆ ಬುತ್ತಿ ಇಟ್ಟು ಹಿಂದೆ ಸರಿಯುತ್ತಿದ್ದಳು. ತಡೆಯಲಾರದೆ ಕೂಗಿ ಹೇಳಿದ:

"ಯವ್ವಾ, ಎರಡ ಬೆರಳ ಇಳದೈತ್ರಿ!"

ಅವಳು ನಿಂತಳು. ಅವನ ಪಟ್ಟಿ ಕಟ್ಟಿದ ಕಾಲನ್ನು ಒಮ್ಮೆ ನೋಡಿದಳು. ತಿರುಗಿ ಬಿರಬಿರನೆ ಹೊರಟುಹೋದಳು. ರೇವಣಪ್ಪನಿಗೆ ನಾಚಿಕೆಯಾಯಿತು. ಪರರ ಮನೆಯ ಹೆಣ್ಣುಮಗಳ ಮುಂದೆ ತನ್ನ ಕಾಲಿನ ಸುದ್ದಿ ಯಾಕಾದರೂ ಎತ್ತಿದೆ ಎಂದು ಆ ಇಡೀ ಮಧ್ಯಾಹ್ನ ತನ್ನನ್ನು ತಾನೇ ಬೈದುಕೊಂಡ.

ಮೂರು ದಿನ ಕಳೆದವು. ಖಂಡೆಪ್ಪ ಎತ್ತು ಕೊಳ್ಳಲು ಬಸವನ ಬಾಗೇವಾಡಿಗೆ ಹೋಗಿದ್ದರು. ಚನ್ನವ್ವ ಅವತ್ತು ಬುತ್ತಿಯನ್ನು ಕಲ್ಲಿನ ಮೇಲಿಟ್ಟವಳು ಹಿಂದೆ ಸರಿಯಲಿಲ್ಲ. ಒಡ್ಡಿನ ಆಚೆ ಬದಿಗೆ ನಿಂತೇ ಇದ್ದಳು. ಕಂಕುಳಲ್ಲಿ ಒಂದು ಹಳೆಯ ಸೀರೆ ಇತ್ತು.

"ಯಣ್ಣಾ," ಎಂದಳು. ಅಷ್ಟು ದಿನದಲ್ಲಿ ಅವಳು ಅವನನ್ನು ಹಾಗೆ ಕರೆದಿರಲಿಲ್ಲ. "ಅದನ್ನ ಹ್ಯಾಂಗ ಕಟ್ತಿ? ನನಗ ತೋರಸ್ತಿಯೇನ?"

ರೇವಣಪ್ಪನಿಗೆ ಅರ್ಥವಾಗಲಿಲ್ಲ. ಅವಳು ಸುತ್ತ ಒಮ್ಮೆ ನೋಡಿ ಸೀರೆಯ ಅಂಚನ್ನು ನಾಲ್ಕು ಬೆರಳು ಮೇಲೆತ್ತಿದಳು. ಬಲಗಾಲಿನ ಪಾದ ಹಿಟ್ಟಿನ ಮುದ್ದೆಯ ಹಾಗೆ ಉಬ್ಬಿತ್ತು. ಹರಡು ಕಾಣುತ್ತಿರಲಿಲ್ಲ. ಕಾಲುಂಗುರ ಬೆರಳಿಗೆ ಹೋಗದೆ, ಅದನ್ನು ಕರಿದಾರದಲ್ಲಿ ಬೆರಳಿಗೆ ಕಟ್ಟಿಕೊಂಡಿದ್ದಳು.

"ಎಷ್ಟ ದಿನಾತ್ರಿ?"

"ಎರಡ ವರ್ಸ."

"ಸಾವಕಾರ್ರಿಗಿ ಗೊತ್ತೈತೇನ್ರಿ?"

"ಇಲ್ಲ. ಯಾರಿಗೂ ಗೊತ್ತಿಲ್ಲ. ಜರ ಬಂದಾಗ ಮುಟ್ಟಾಗೇನಂತ ಹೇಳಿ ಹಿತ್ತಲದಾಗ ಬಿದ್ಕೊತೇನಿ." ಅವಳು ಸೀರೆಯ ಅಂಚನ್ನು ಕೆಳಗೆ ಬಿಟ್ಟಳು. "ನೀ ಬಂದ ದಿನ ನಿನ್ನ ಕಾಲ ನೋಡಿ ನನ್ನ ಎದಿ ಒಡದಂಗಾತು. ಮುಂದ ನಂದೂ ಹಿಂಗ ಆಗತೈತಂತ. ಅದಕ್ಕ ದೂರದಾಗ ಇಟ್ಟ ಹೋಗ್ತಿದ್ದೆ. ನಿನಗ ಹೇಸಿ ಅಲ್ಲ ಯಣ್ಣಾ. ನೋಡಾಕ ಆಗ್ತಿರಲಿಲ್ಲ."

ರೇವಣಪ್ಪ ಒಡ್ಡಿನ ಈಚೆ ಕುಳಿತ, ಅವಳು ಆಚೆ. ನಡುವೆ ಮೊಣಕಾಲೆತ್ತರದ ಮಣ್ಣು. ಇಬ್ಬರೂ ಸೇರಿ ಸೀರೆಯನ್ನು ನಾಲ್ಕು ಬೆರಳಗಲ ಪಟ್ಟಿಯಾಗಿ ಹರಿದರು. ಅವನು ತನ್ನ ಕಾಲಿನ ಪಟ್ಟಿ ಬಿಚ್ಚಿ ಮೊದಲಿನಿಂದ ಕಟ್ಟುತ್ತ ಹೋದ, ಅವಳು ನೋಡಿ ನೋಡಿ ತನ್ನ ಕಾಲಿಗೆ ಕಟ್ಟಿಕೊಂಡಳು.

"ಅಲ್ಲೇ ಬಿಗೀ ಆತ್ರಿ. ಮ್ಯಾಲ ಹ್ವಾದಂಗ ಬಿಡ್ರಿ. ಹಾಂ, ಹಿಮ್ಮಡಿ ಬಿಟ್ರಿ ನೋಡ್ರಿ, ಹಿಮ್ಮಡಿ ಮುಚ್ಚಬೇಕು."

"ಹಿಂಗ?"

"ಹಂಗ್ರಿ. ಬೆರಳ ಒಳಗ ಹೊಕ್ಕತೇನ ನೋಡ್ರಿ. ಬೆರಳ ಸಂದಿ ಒರಸೂದ ಮರೀಬ್ಯಾಡ್ರಿ, ಎಲ್ಲಾ ಅಲ್ಲೇ ಐತಿ."

ಬಿಸಿಲು ಇಳಿಯುವ ತನಕ ಅವರು ಹಾಗೆ ಕುಳಿತಿದ್ದರು. ಏಳುವ ಮೊದಲು ರೇವಣಪ್ಪ ಹೇಳಿದ: "ಯವ್ವಾ, ನಿಮ್ಮದಿನ್ನ ಎಳೇದೈತ್ರಿ. ಮುದ್ದೇಬಿಹಾಳದಾಗ ಅಬಿದಾಬಾಯಿ ಅಂತ ಅದಾರ, ಅವರಿಗಿ ತೋರಸ್ರಿ. ನನ್ನಂಗ ಹನ್ನೊಂದ ವರ್ಸ ಮುಚ್ಚಿಡಬ್ಯಾಡ್ರಿ. ಸಾವಕಾರ್ರಿಗಿ ಬೇಕಾದ್ರ ನಾ ಹೇಳ್ತೇನಿ."

"ಬ್ಯಾಡ. ಹೇಳೂದಿದ್ರ ನಾನ ಹೇಳ್ತೇನಿ."

ಅವಳು ಹೇಳಿದ್ದು ಮತ್ತೆ ಹದಿನೈದು ದಿನ ಕಳೆದ ಮೇಲೆ. ಒಂದು ಮುಂಜಾನೆ ಸಾವಕಾರರ ಗಾಡಿ ಮುದ್ದೇಬಿಹಾಳದ ಕಡೆ ಹೋದದ್ದನ್ನು ರೇವಣಪ್ಪ ದೂರದಿಂದ ಕಂಡ. ಹಿಂದೆ ಸೆರಗು ಮುಚ್ಚಿಕೊಂಡು ಒಬ್ಬ ಹೆಂಗಸು ಕುಳಿತಿದ್ದಳು. ಮರುದಿನ ಖಂಡೆಪ್ಪ ಒಬ್ಬರೇ ಗುಡಿಸಲಿಗೆ ಬಂದು ಹೊರಸಿನ ಮೇಲೆ ಕುಳಿತರು.

"ನಿನಗ ಮೊದಲ ಗೊತ್ತಿತ್ತಲಾ?"

"ಗೊತ್ತಿತ್ರಿ."

"ನನಗ ಗೊತ್ತಿರಲಿಲ್ಲ ನೋಡು." ಸಾವಕಾರರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇಪ್ಪತ್ತ ವರ್ಸ ಒಂದ ಮನ್ಯಾಗ ಅದೇವಿ. ಹಾದ್ಯಾಗ ಹೋಗೂ ನಿನಗ ಹೇಳಿದಳು, ನನಗ ಹೇಳಲಿಲ್ಲ. ನಾ ಏನ ಅಂಥಾ ಕೆಟ್ಟಾಂವ ಅದೇನೇನ ರೇವಣಪ್ಪಾ?"

"ಅಲ್ರೀ ಸಾವಕಾರ್ರ. ನೀವ ಕಂಡ್ರ ಆಕಿ ಮನಸಿಗಿ ಹತ್ತೂದು. ನಾ ಕಂಡ್ರ ಏನು, ನಂದೂ ಅದ ಕಾಲು."

ಖಂಡೆಪ್ಪ ರುಮಾಲು ಸುತ್ತಿಕೊಂಡು ಎದ್ದುಹೋದರು. ಅಂದಿನಿಂದ ಬುತ್ತಿಯನ್ನು ಆಳು ತರತೊಡಗಿದ. ಚನ್ನವ್ವ ಮನೆಯಲ್ಲಿ ಕಾಲು ಮೇಲಿಟ್ಟುಕೊಂಡು ಕೂರಬೇಕೆಂದು ನರ್ಸಬಾಯಿ ಹೇಳಿದ್ದರಂತೆ, ಸಾವಕಾರರು ಅವಳನ್ನು ಹೊಲಕ್ಕೆ ಬಿಡುತ್ತಿರಲಿಲ್ಲವಂತೆ. ಕಾಲು ಇಳಿಯುತ್ತಿದೆ ಎಂದೂ ಆಳು ಹೇಳಿದ. ರೇವಣಪ್ಪನಿಗೆ ಸಂತೋಷವಾಯಿತು. ಆದರೂ ಮಧ್ಯಾಹ್ನವಾದರೆ ಕಣ್ಣು ತಾನಾಗಿ ಒಡ್ಡಿನ ಕಡೆ ಹೋಗುತ್ತಿತ್ತು. ದೂರದಿಂದ ಒಂದು ಕೂಗು ಕೂಗಿ ಹೋಗುತ್ತಿದ್ದಳಲ್ಲ, ಅದೂ ಒಂದು ಮನುಷ್ಯರ ದನಿಯಾಗಿತ್ತು. ಆಳು ಗಂಟು ಇಟ್ಟು ಬೀಡಿ ಹೊತ್ತಿಸಿಕೊಂಡು ಮಾತಿಲ್ಲದೆ ಹೋಗುತ್ತಿದ್ದ.

ಜೂನ್ ಮೊದಲ ವಾರದ ಮಿರಗದ ಮಳೆಗೆ ಇನ್ನೂ ಎಂಟು ದಿನವಿರುವಾಗ ಹಿಂಡು ಹೊಳೆ ದಾಟಿ ಬಂತು. ಗಂಟೆಯ ಸದ್ದು ಕೇಳಿ ರೇವಣಪ್ಪ ಕೋಲೂರಿಕೊಂಡು ಎದುರಿಗೆ ಹೋದ. ಅವನು ಕಂಡಿರದ ಮರಿಗಳು ಎಷ್ಟೋ ಇದ್ದವು. ಕಪ್ಪು ಕುರಿಗೆ ಎರಡು. ಅವು ಅವನನ್ನು ಕಂಡು ತಾಯಂದಿರ ಹೊಟ್ಟೆಯಡಿ ನುಗ್ಗಿದವು. ನಾಯಿ ಮಾತ್ರ ಸುತ್ತ ಸುತ್ತ ಕುಣಿಯಿತು. ಧೂಳಪ್ಪ ಅಣ್ಣನ ಕಾಲು ನೋಡಿ, ಪಟ್ಟಿ ನೋಡಿ, ಮುಖ ನೋಡಿದ.

"ಕಾಲ ಬ್ಯಾರೇನ ಆದಂಗ ಕಾಣತೈತಲೋ ಅಣ್ಣಾ."

"ಅದ ಕಾಲು. ಸ್ವಲ್ಪ ಮಾತ ಕೇಳತೈತಿ ಈಗ. ಶಿವರಾತ್ರಿಂದ ಇತ್ಲಾಗ ಜರ ಬಂದಿಲ್ಲ."

"ಮನಿಗಿ ಹೋಗಿ ಕುಂದರು ಇನ್ನ. ಉಣ್ಣಿ ನೂಲು, ಕಂಬಳಿ ನೇಯಿ. ಹಿಂಡ ನಾ ನೋಡ್ಕೊತೇನಿ."

"ಕುಂತ ಕುಂತ ಮೂರ ತಿಂಗಳಾತು. ನಡೀತೇನಿ."

ಮರುದಿನ ಮುಂಜಾನೆ ಹೊರಟರು. ಮೊದಲ ಹರದಾರಿ, ಮೂರು ಮೈಲಿಯಷ್ಟು, ರೇವಣಪ್ಪ ಹಿಂಡಿನ ಸಮಕ್ಕೇ ನಡೆದ, ಮನಸ್ಸು ಹಗುರಾಗಿತ್ತು. ಎರಡನೆಯದರ ಅರ್ಧಕ್ಕೆ ಬರುವಾಗ ಪಟ್ಟಿಯ ಒಳಗೆ ಕಾಲು ತುಂಬಿಕೊಳ್ಳತೊಡಗಿತು. ಒಂದು ಬೇವಿನ ಮರದ ಕೆಳಗೆ ಮಲಗಿ, ಕಾಲನ್ನು ಬೊಡ್ಡೆಗೆ ಆನಿಸಿ ಎತ್ತಿಟ್ಟ. ಧೂಳಪ್ಪ ಹಿಂಡು ತಡೆದ. ಕುರಿ ಎಲ್ಲಿ ನಿಲ್ಲುತ್ತವೆ? ಪಕ್ಕದ ಬದುವಿನ ಆಚೆ ಬಾವಿ ನೀರಿನ ತರಕಾರಿ ತೋಟವಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಪ್ಪತ್ತು ಕುರಿ ಬದನೆ ಗಿಡಗಳಲ್ಲಿದ್ದವು. ತೋಟದವನು ಬಡಿಗೆ ಹಿಡಿದು ಓಡಿಬಂದ. ಧೂಳಪ್ಪ ಕೈಮುಗಿದು, ಕಾಲು ಹಿಡಿದು, ಬೈಗುಳ ತಿಂದು ಹಿಂಡನ್ನು ಹೊರಗೆಳೆದ. ಅಣ್ಣನಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ರೇವಣಪ್ಪನಿಗೆ.

ಅಂದು ಸಂಜೆ ಮುದ್ದೇಬಿಹಾಳದ ಈಚೆ ಬೀಡು ಬಿಟ್ಟಾಗ ರೊಟ್ಟಿ ಮುರಿಯುತ್ತ ಅವನು ಹೇಳಿದ:

"ನಾಳಿಗಿ ನೀ ಹಿಂಡ ಹೊಡಕೊಂಡ ಹೋಗು. ನನ್ನ ಸಲುವಾಗಿ ನಿಂದ್ರಬ್ಯಾಡ. ಯಾವ ಬಾವಿ ಹತ್ರ ಇಳಿತಿ ಅದಷ್ಟ ಹೇಳಿ ಹೋಗು, ಹೊತ್ತ ಮುಳುಗೂದ್ರಾಗ ಬರ್ತೇನಿ."

"ಒಬ್ಬಾಂವನ?"

"ಒಬ್ಬಾಂವನ. ಒಂದ ಹರದಾರಿ ನಡೀತೇನಿ, ಒಂದ ತಾಸ ಕಾಲ ಎತ್ತಿಡತೇನಿ. ಹಂಗ ಮಾಡಿದ್ರ ಎಲ್ಲಿಗಾದ್ರೂ ಮುಟ್ಟತೇನಿ. ಕುರಿ ಕೂಡ ನಡದ್ರ ನಾಕ ದಿನಕ್ಕ ಮತ್ತ ಬೀಳತೇನಿ."

ಧೂಳಪ್ಪ ಒಪ್ಪಲಿಲ್ಲ, ಬೇರೆ ದಾರಿಯೂ ಅವನಿಗೆ ತೋಚಲಿಲ್ಲ.

ಮರುದಿನ ರೇವಣಪ್ಪ ಹಿಂಡು ಹೋಗಿ ಬಹಳ ಹೊತ್ತಾದ ಮೇಲೆ ಕಾಲು ತೊಳೆದು, ಒರೆಸಿ, ಪಟ್ಟಿ ಕಟ್ಟಿ ಎದ್ದ. ಹಾದಿ ಖಾಲಿಯಾಗಿತ್ತು. ಆದರೆ ಹಾದಿಯ ಮೇಲೆ ಅವನ ಕುರಿಗಳು ಹೋದದ್ದೆಲ್ಲ ಬರೆದಿಟ್ಟಂತೆ ಇತ್ತು. ಇಲ್ಲಿ ಗಲಿಬಿಲಿಯಾಗಿ ಓಡಿವೆ, ಮೋಟರು ಬಂದಿರಬೇಕು. ಇಲ್ಲಿ ಮರಿಗಳು ಹಾಲು ಕುಡಿಯಲು ನಿಂತಿವೆ. ಹಿಕ್ಕೆ ಮುಟ್ಟಿ ನೋಡಿ ಎಷ್ಟು ಹೊತ್ತಾಗಿದೆ ಎಂದು ತಿಳಿದುಕೊಳ್ಳುತ್ತಿದ್ದ. ಮೂರು ಕಡೆ ಮಲಗಿ ಕಾಲು ಎತ್ತಿಟ್ಟ. ಹೊತ್ತು ಮುಳುಗಿ ಸ್ವಲ್ಪ ಬೆಳಕು ಉಳಿದಿರುವಾಗ ಹೇಳಿದ ಬಾವಿಗೆ ಬಂದ. ಕುರಿ ಮಲಗಿದ್ದವು. ಧೂಳಪ್ಪ ಉಣ್ಣದೆ ಕಾದಿದ್ದ.

ಹೀಗೆ ಅವನು ಹೂವಿನ ಹಿಪ್ಪರಗಿ ಮುಟ್ಟಿದ. ಆ ವರ್ಷ ಮಳೆಗಾಲದಲ್ಲಿ ಜ್ವರ ಒಂದೇ ಸಲ ಬಂತು, ಎರಡು ದಿನಕ್ಕೆ ಹೋಯಿತು. ಮರುವರ್ಷ ಸುಗ್ಗಿ ಮುಗಿದಾಗ ಹಿಂಡಿನ ಹಿಂದೆ ಮತ್ತೆ ಹೊರಟ, ಅದರ ಮರುವರ್ಷವೂ. ಕಾಲು ಸಪೂರವಾಗಲಿಲ್ಲ. ದಪ್ಪವೂ ಆಗಲಿಲ್ಲ. ತಂಗಡಗಿಯಲ್ಲಿ ಖಂಡೆಪ್ಪನವರ ಹೊಲಕ್ಕೆ ಅವನು ಮುಟ್ಟುವಷ್ಟರಲ್ಲಿ ಚನ್ನವ್ವ ಧೂಳಪ್ಪನ ಕೈಯಲ್ಲಿ ಅವನಿಗೆಂದು ಹಳೆಯ ಸೀರೆ ಒಂದನ್ನು ಕೊಟ್ಟು ಹೋಗಿರುತ್ತಿದ್ದಳು. ಅವರು ಮತ್ತೆ ಎದುರುಬದುರು ಕುಳಿತು ಮಾತಾಡಿದ್ದಿಲ್ಲ.

ಆ ಹಾದಿಯಲ್ಲಿ ಗಾಡಿ ಹೊಡೆಯುವವರಿಗೆ ಅವನ ಗುರುತಾಯಿತು. ಬಾಗೇವಾಡಿ ಕಡೆಯ ಒಬ್ಬ ಗಾಡಿಯವನು ಅವನು ಮರದ ಕೆಳಗೆ ಅಂಗಾತ ಮಲಗಿದ್ದನ್ನು ಕಂಡು, ಸತ್ತಿದ್ದಾನೋ ಏನೋ ಎಂದು ಇಳಿದು ಬಂದ.

"ಏನಪಾ, ಯಾಕ ಹಿಂಗ ಒಬ್ಬನ ಬಿದ್ದಿ? ನಿನ್ನ ಮಂದಿ ಎಲ್ಲಿ?"

"ಮುಂದ ಹೋಗ್ಯಾರ್ರಿ. ನಾ ಹಿಂದಿಂದ ಬರಾಕತ್ತೇನಿ."

"ಬಾ, ಗಾಡಿ ಏರು. ಅವರನ್ನ ಹಿಡದ ಕೊಡ್ತೇನಿ."

ರೇವಣಪ್ಪ ಮುಂದಿನ ಹಾದಿ ನೋಡಿದ, ಹೊತ್ತು ನೋಡಿದ. ಇನ್ನೂ ಒಂದೂವರೆ ಹರದಾರಿ ಉಳಿದಿತ್ತು.

"ಬ್ಯಾಡ್ರಿ," ಎಂದ. "ಇನ್ನ ಸ್ವಲ್ಪ ಹೊತ್ತ ಕಾಲ ಎತ್ತಿಟ್ಟ ಏಳತೇನಿ. ನಡದ ಹೋಗ್ತೇನಿ."

ಗಾಡಿ ಹೋಯಿತು. ನೆರಳು ಒಂದು ಮಾರು ಸರಿಯುವ ತನಕ ಅವನು ಹಾಗೆಯೇ ಮಲಗಿದ್ದ. ಆಮೇಲೆ ಕುಳಿತು, ಸಡಿಲಾಗಿದ್ದ ಪಟ್ಟಿಯನ್ನು ಬೆರಳ ಬುಡದಿಂದ ಮತ್ತೆ ಸುತ್ತಿ ಕಟ್ಟಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದು ನಡೆದ.